ರಾಣಿ ‘ಆಗಲಿ’ ಅಂದದ್ದು

ರುದ್ರಮ್ಮ: ಅವಳ ಬಾಯಿ ಎಷ್ಟು ಹೊತ್ತು ಆಡಿತು ಗೊತ್ತ ಮೇಷ್ಟ್ರೆ. ಸುಳ್ಳು ಹೇಳೋದಿಲ್ಲ, ಒಂದು ಸೇರು ಅವರೆಕಾಯಿ ಸುಲಿಯುವಷ್ಟು ಹೊತ್ತು. ಕೈ ಎತ್ತಿದಳು, ಇಳಿಸಿದಳು, ಅರಸನ ಮುಖಕ್ಕೆ ಬೆರಳು ತೋರಿಸಿದಳು. ಎಲ್ಲ ಆದಮೇಲೆ ಆ ಕೋಲು ಹಿಡಿದವನು ಹೇಳ್ತಾನೆ, ‘ರಾಣಿಯು ಆಗಲಿ ಪ್ರಭು ಎಂದಳು’ ಅಂತ. ಅಷ್ಟು ಬಾಯಿ ಆಡಿಸಿದ್ದು ಎರಡು ಮಾತಿಗ?

ಜವರಿ: ನಿಧಾನಕ್ಕೆ ಅಂದಿರ್ಬೋದು ಕಣಕ್ಕ. ರಾಣಿ ಅಂದ್ಮೇಲೆ ಅವಸರ ಏನೈತೆ.

ರುದ್ರಮ್ಮ: ನಿನ್ನ ಎತ್ತು ಕೂಡ ಅಷ್ಟು ನಿಧಾನಕ್ಕೆ ಮೆಲುಕು ಹಾಕೋದಿಲ್ಲ.

ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಾಳೆಲೆ ಊರಿನ ಶಾಲೆಯಿಂದ ಎಸ್ಟೇಟಿನ ರೈಟರ ಮನೆಗೆ ಎರಡು ಮೈಲಿ. ಭಾನುವಾರ ಬೆಳಿಗ್ಗೆ ಗಾಡಿಯ ಜವರಿ ಬಂದು, ಒಂದು ವ್ಯಾಜ್ಯ ತೀರಿಸಬೇಕಂತೆ, ಅಕ್ಕ ಕೂಡಲೇ ಬರಹೇಳಿದ್ದಾರೆ ಎಂದು ನನ್ನನ್ನು ಹತ್ತಿಸಿಕೊಂಡಿದ್ದ. ದಾರಿಯುದ್ದಕ್ಕೂ ವ್ಯಾಜ್ಯ ಏನೆಂದು ಹೇಳಲಿಲ್ಲ, ತನ್ನ ಎಂದಿನ ದೂರು ಹೇಳಿದ. ಬಾಳೆಲೆಯಲ್ಲಿ ಗಾಡಿಗಳು ನಿಲ್ಲುವ ಕಡೆ ಊಟ ಹಾಕುತ್ತಿದ್ದ ಲಿಂಗಿ ಮಗಳ ಮನೆಗೆ ಹೋಗಿಬಿಟ್ಟಳು, ಅವಳ ಕೋಣೆ ಖಾಲಿ ಬಿದ್ದಿದೆ, ಗಾಡಿಯವರೆಲ್ಲ ಅವಲಕ್ಕಿ ತಿಂದು ಬದುಕಿದ್ದಾರೆ ಎಂದು.

ರೈಟರ್ ಎಂದರೆ ಎಸ್ಟೇಟಿನ ಆಳುಗಳ ಹಾಜರಿ ಬರೆಯುವವನು. ನನ್ನ ಗೆಳೆಯ ದೇರಪ್ಪ ಹದಿನಾರು ವರ್ಷ ಅದನ್ನೇ ಬರೆದ. ಭಾನುವಾರ ಮಾತ್ರ ಬರೆಯುವುದು ಬಿಟ್ಟು ಓದುತ್ತಿದ್ದ. ‘ಹಾರುಗುದುರೆಯ ಅರಸು’ ಎಂಬ ದಪ್ಪ ಪುಸ್ತಕವೊಂದನ್ನು ಜಗಲಿಯಲ್ಲಿ ಕೂತು ಹೆಂಡತಿ ರುದ್ರಮ್ಮನಿಗೂ, ಲೈನಿನ, ಎಂದರೆ ಆಳುಗಳ ಸಾಲುಮನೆಯ, ಜನಕ್ಕೂ, ಜವರಿಗೂ ಓದಿ ಹೇಳುತ್ತಿದ್ದ. ಅವರಲ್ಲಿ ಯಾರಿಗೂ ಅಕ್ಷರ ಬಾರದು. ಮಾಟಗಾರ, ಮಾತಾಡುವ ಹಕ್ಕಿ, ರೆಕ್ಕೆಯ ಕುದುರೆ ತುಂಬಿದ ಪುಸ್ತಕ. ನಾನು ಅಂಥದ್ದನ್ನು ಓದುವವನಲ್ಲ. ಒಳ್ಳೆಯ ಪುಸ್ತಕಗಳನ್ನು ಅವನಿಗೆ ಕೊಡುತ್ತಿದ್ದೆ. ಅವನು ಒಂದು ತಿಂಗಳು ಇಟ್ಟುಕೊಂಡು, ‘ಬೈಂಡು ಗಟ್ಟಿಯಾಗಿದೆ’ ಎಂದು ಹಿಂದಿರುಗಿಸುತ್ತಿದ್ದ. ಮಡಿಕೇರಿಗೆ ಉಪನ್ಯಾಸ ಕೇಳಲು ಹೋಗೋಣ ಎಂದರೆ ‘ಮನೇಲಿ ಕೇಳಿ ಹೇಳ್ತೀನಿ’ ಎನ್ನುತ್ತಿದ್ದ. ನಿನ್ನ ಮನೆಯ ಗೋಡೆ ಮಾತಾಡುತ್ತದೆಯೇ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಹದಿನಾರು ವರ್ಷದಲ್ಲಿ ಅವನ ಬಾಯಿಂದ ಹೆಂಡತಿಯ ಹೆಸರು ನಾನು ಕೇಳಿಲ್ಲ.

ಭಾನುವಾರ ಓದು ಮುಗಿಯುವ ಹೊತ್ತಿಗೆ ಸರಿಯಾಗಿ ನಾನು ಬರುತ್ತಿದ್ದೆ, ಕಾಫಿಗೆ. ಒಂದು ಭಾನುವಾರವೂ ಕೂತು ಕೇಳಲಿಲ್ಲ.

ಪುಸ್ತಕದಲ್ಲಿ ಕೊನೆಯ ಅಧ್ಯಾಯ ಉಳಿದಿತ್ತು. ಮುಂದಿನ ಭಾನುವಾರ ಮುಗಿಸುತ್ತೇನೆ ಎಂದಿದ್ದ. ಬುಧವಾರ ಜ್ವರ ಬಂತು, ಶನಿವಾರ ಹೋದ. ಅದಾಗಿ ನಲವತ್ತು ದಿನ ಕಳೆದಿತ್ತು. ರುದ್ರಮ್ಮ ಇನ್ನೂ ಅವನನ್ನು ‘ಇವರು’ ಎನ್ನುತ್ತಿದ್ದರು, ಒಳಕೋಣೆಯಲ್ಲಿ ಇದ್ದಾನೆ ಎಂಬಂತೆ. ‘ಅವರು’ ಇನ್ನೂ ಆಗಿರಲಿಲ್ಲ.

ಅಷ್ಟರಲ್ಲಿ ಗೋಣಿಕೊಪ್ಪಕ್ಕೆ ಟೆಂಟ್ ಸಿನಿಮಾ ಬಂತು. ಆಡುತ್ತಿರುವುದು ಅದೇ ‘ಹಾರುಗುದುರೆಯ ಅರಸು’ ಎಂದು ಜವರಿ ಸುದ್ದಿ ತಂದ. ಚಿತ್ರದವರು ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ಕೋಲು ಹಿಡಿದು ನಿಂತು, ಯಾರು ಏನೆಂದರು ಎಂದು ಕೂಗಿ ಹೇಳುತ್ತಾನೆ. ಕತೆಯ ಕೊನೆ ಏನಾಯಿತೆಂದು ತಿಳಿಯಲು ರುದ್ರಮ್ಮ ಹುಣಸೆಹಣ್ಣಿನ ನೆಪ ಹೇಳಿ ಹಿಂದಿನ ದಿನ ಜವರಿಯ ಕಮಾನುಗಾಡಿಯಲ್ಲಿ ಹೋಗಿ ನೋಡಿ ಬಂದಿದ್ದರು. ಗಂಡ ಹೋಗಿ ನಲವತ್ತು ದಿನಕ್ಕೆ ಸಿನಿಮಾ ನೋಡಿದಳು ಎಂದು ಲೈನಿನಲ್ಲಿ ಬೆಳಿಗ್ಗೆಯೇ ಮಾತು ಎದ್ದಿತ್ತು. ಹುಣಸೆಹಣ್ಣು ತರುವುದು ಇಬ್ಬರಿಗೂ ಮರೆತಿತ್ತು.

ಜವರಿ: ಇವ್ರು ಅಲ್ಲಿ ಸುಮ್ನೆ ಕೂತ್ರಾ ಕೇಳಿ ಮೇಷ್ಟ್ರೆ. ಹೆಂಗಸ್ರ ಕಡೆಯಿಂದ ಎದ್ದು ನಿಂತು, ‘ಅವಳು ಹಾಗನ್ನಲಿಲ್ಲ, ಕಾಲು ತೊಳೆದು ಬನ್ನಿ ಅಂದಳು’ ಅಂತ ಕೂಗಿದ್ರು. ಆ ಮನುಷ್ಯ ಕೋಲು ಕೆಳಗೆ ಹಾಕ್ಬುಟ್ಟ.

ರುದ್ರಮ್ಮ: ಹೇಳಬೇಡವ? ಮಾಟಗಾರ ಅರಸನ್ನ ಹುಲಿ ಮಾಡಿ ಕಳಿಸಿದ್ದಾನೆ. ಹುಲಿ ಹೊಸ್ತಿಲ ಹತ್ತಿರ ಬಂದು ನಿಂತಿದೆ. ಇವರು ಓದಿದ್ದು ಏನು? ‘ಹುಲಿಯಾದರೆ ಆಗಿ, ಆದರೆ ಕಾಲು ತೊಳೆದು ಒಳಗೆ ಬನ್ನಿ.’ ಅಲ್ಲಿ ನೋಡಿದರೆ ಕೆಸರು ಕಾಲಲ್ಲೇ ಒಳಗೆ ಬಂತು. ಅವಳು ‘ಆಗಲಿ ಪ್ರಭು’ ಅಂತ ನಿಂತಿದ್ದಾಳೆ. ನೆಲ ಒರೆಸೋರು ಯಾರು?

ಇಷ್ಟು ದಪ್ಪ ಪುಸ್ತಕವನ್ನು ಎರಡು ಗಂಟೆಯಲ್ಲಿ ತೋರಿಸಬೇಕಾದರೆ ಅಲ್ಲಲ್ಲಿ ಬಿಡಲೇಬೇಕಾಗುತ್ತದೆ ಎಂದು ನಾನು ತಿಳಿಹೇಳಿದೆ. ಪುಸ್ತಕ ಬೇರೆ, ಸಿನಿಮಾ ಬೇರೆ ಎಂದೂ ಸೇರಿಸಿದೆ. ರುದ್ರಮ್ಮ ಒಪ್ಪಲಿಲ್ಲ. ಬಿಡುವುದಾದರೆ ಯುದ್ಧ ಬಿಡಲಿ, ಯುದ್ಧದಲ್ಲಿ ಕಲಿಯುವಂಥದ್ದು ಏನಿದೆ, ಕೊಡೆಯ ಮಾತನ್ನು ಯಾಕೆ ಬಿಟ್ಟರು ಎಂದು ಕೇಳಿದರು. ಅರಸ ರೆಕ್ಕೆಯ ಕುದುರೆ ಏರಿ ಮೋಡದ ಮೇಲೆ ಹೊರಟಾಗ ರಾಣಿ ಅವನನ್ನು ತಡೆದು, ‘ಹೋಗುವಾಗ ಮೋಡದ ಮೇಲೆ ಹೋಗ್ತೀರಿ, ಸರಿ. ಬರುವಾಗ ಮೋಡದ ಕೆಳಗೇ ಬರಬೇಕಲ್ಲ, ಕೊಡೆ ತಗೊಳ್ಳಿ’ ಎನ್ನುತ್ತಾಳಂತೆ. ಸಿನಿಮಾದಲ್ಲಿ ಅಲ್ಲೂ ‘ಆಗಲಿ ಪ್ರಭು’.

ಜವರಿ: ಅದೇನೇ ಅನ್ನಿ, ಕುದುರೆ ಹಾರೋದು ಪುಸ್ತಕಕ್ಕಿಂತ ಸಿನಿಮಾದಾಗೇ ಚೆಂದ. ರೈಟ್ರು ಹಾರಿತು ಅಂತ ಓದಿದ್ರು, ನಾನು ನಂಬಿದ್ದೆ. ಅಲ್ಲಿ ನಂಬೋದೇ ಬೇಡ. ಕಣ್ಣಾರೆ ಕಂಡೆ.

ರುದ್ರಮ್ಮ: ಹಗ್ಗ ಕಂಡೆಯ?

ಜವರಿ: ಕಂಡೆ. ಕುದುರೆ ಅಂದ್ಮೇಲೆ ಹಗ್ಗ ಇಲ್ದೆ ಇರ್ತದ?

ಹಾಗೆಂದು ಜವರಿ ಸಿನಿಮಾದ ಪಕ್ಷವೆಂದು ತಿಳಿಯಬಾರದು. ಅವನಿಗೆ ಅವನದೇ ನೋವಿತ್ತು. ಪುಸ್ತಕದಲ್ಲಿ ಅರಸ ಮುಂದೆ ಹಾರಿದರೆ ಅವನ ಸಾಮಾನು ಹಿಂದೆ ಎತ್ತಿನ ಗಾಡಿಯಲ್ಲಿ ಬರುತ್ತಿತ್ತಂತೆ. ಆ ಗಾಡಿಯವನು ಬಲು ಬುದ್ಧಿವಂತನಂತೆ. ದಾರಿ ತಪ್ಪಿದ ಅರಸನಿಗೆ ದಾರಿ ಹೇಳುವವನೂ ಅವನೇ, ಮಾಟಗಾರನ ಸೈನ್ಯದ ಮುಖಕ್ಕೆ ಒಂದು ಮೂಟೆ ಮೆಣಸಿನ ಪುಡಿ ತೂರಿ ಓಡಿಸಿದವನೂ ಅವನೇ. ಅವನಲ್ಲಿ ಇದ್ದ ಕುಂದು ಒಂದೇ, ಎಲ್ಲಿಗೂ ತಡವಾಗಿ ಬರುತ್ತಿದ್ದ.

ಜವರಿ: ಸಿನಿಮಾದಾಗೆ ಗಾಡಿನೇ ಇಲ್ಲ ಮೇಷ್ಟ್ರೆ. ಅರಸನ ಹಾಸಿಗೆ ಏನು ಹಾರ್ಕೊಂಡು ಬಂತ?

ನಾನು: ಆ ಭಾಗವನ್ನು ಬಿಟ್ಟಿರಬೇಕು.

ಜವರಿ: ಬಿಟ್ಟಿಲ್ಲ. ನಡುವೆ ಒಂದು ಸಲ ರೀಲು ಕಡೀತು. ಗಾಡಿಯವನು ಅದರಾಗೆ ಹೋದ. ನಂಗೆ ಆಗ್ಲೇ ಗೊತ್ತಾಯ್ತು.

ರುದ್ರಮ್ಮ: ಅದು ಹೋಗಲಿ, ಗೂಬೆ ಎಲ್ಲಿ?

ನಾನು: ಯಾವ ಗೂಬೆ?

ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಜವರಿ: ಅರಮನೆಯಾಗೆ ಒಂದು ಪಂಡಿತ ಗೂಬೆ ಐತೆ. ಸಿನಿಮಾದೋರು ಅದನ್ನ ಗಿಣಿ ಮಾಡವ್ರೆ.

ನಾನು: ಅದು ಏನು ಮಾಡುತ್ತದೆ?

ರುದ್ರಮ್ಮ: ಏನೂ ಮಾಡೋದಿಲ್ಲ. ಯಾರು ಏನು ಕತೆ ಹೇಳಿದರೂ ಮೂಗು ಮುರೀತದೆ. ಇದಕ್ಕಿಂತ ಒಳ್ಳೆ ಕತೆ ನನ್ನ ಹತ್ತಿರ ಇದೆ ಅಂತದೆ. ಆಮೇಲೆ ಕಾಫಿ ಕುಡಿದು ಹೋಗ್ತದೆ.

ನಾನು: ಪುರಾತನ ಕಾಲದ ಅರಮನೆಗೆ ಕಾಫಿ ಎಲ್ಲಿಂದ ಬಂತು? ಇಂಥ ಅಸಂಬದ್ಧಕ್ಕೇ ನಾನು ಈ ಪುಸ್ತಕವನ್ನು ಮುಟ್ಟಲಿಲ್ಲ.

ಜವರಿ: ಗೂಬೆನೂ ಹಿಂಗೇ ಅಂತಿತ್ತು.

ಇಬ್ಬರಿಗೂ ನಗುವುದಕ್ಕೆ ಏನಿತ್ತೋ ನನಗೆ ತಿಳಿಯಲಿಲ್ಲ. ಜವರಿ ಅತ್ತ ತಿರುಗಿ ಎತ್ತಿನ ಕಡೆ ನೋಡತೊಡಗಿದ. ಜಗಲಿಯ ತುಂಬ ಗೋಣಿಚೀಲಗಳಿದ್ದವು. ಪಾತ್ರೆಗಳನ್ನು ಕಟ್ಟಿ ಆಗಿತ್ತು. ಒಂದನೇ ತಾರೀಖಿಗೆ ಹೊಸ ರೈಟರ್ ಬರುತ್ತಾನೆ, ಮನೆ ಎಸ್ಟೇಟಿನದು. ಗುರುವಾರ ಜವರಿಯ ಗಾಡಿಯಲ್ಲಿ ರುದ್ರಮ್ಮ ಕುಶಾಲನಗರದ ಅಣ್ಣನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಆ ಮನೆಯಲ್ಲಿ ಮಾತೆಲ್ಲ ಅತ್ತಿಗೆ ಸರ್ವಮಂಗಳಳದು. ಉಳಿದವರು ಕೇಳುವುದು.

ರುದ್ರಮ್ಮ ಒಳಗೆ ಹೋಗಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟರು. ಕೊನೆಯ ಹತ್ತಿರ ಒಂದು ಸೆಣಬಿನ ದಾರ ಇಣುಕುತ್ತಿತ್ತು. ದೇರಪ್ಪ ಅಲ್ಲಿಗೆ ನಿಲ್ಲಿಸಿದ್ದ.

ರುದ್ರಮ್ಮ: ನನಗೆ ತಿಳಿಯಬೇಕಾದ್ದು ಇಷ್ಟೆ. ಸಿನಿಮಾದಲ್ಲಿ ಕೊನೆಗೆ ಅರಸ ಮಾಟಗಾರನ ಬೆಟ್ಟದೊಳಗೆ ಹೋಗ್ತಾನೆ, ಬೆಟ್ಟ ಮುಚ್ಚಿಕೊಳ್ತದೆ. ಇವಳು ಹೊರಗೆ ಕಾಯ್ತಾಳೆ. ಕಾದು ಕಾದು ಕಲ್ಲಾಗ್ತಾಳೆ. ಪುಸ್ತಕದಲ್ಲೂ ಅವಳು ಕಲ್ಲಾಗ್ತಾಳ?

ಜವರಿ: ಮೇಲಿಂದ ಹೂವು ಚೆನ್ನಾಗಿ ಹಾಕಿದ್ರು.

ರುದ್ರಮ್ಮ: ಹೂವು ಹೆಣಕ್ಕೂ ಚೆನ್ನಾಗೇ ಹಾಕ್ತಾರೆ.

ಜವರಿ: ಕಲ್ಲಾದ್ರೆ ತಪ್ಪೇನಕ್ಕ. ಅರಸನೇ ಇಲ್ದ ಮೇಲೆ ಅವ್ಳಾದ್ರೂ ಏನು ಮಾಡ್ಬೇಕು. ತಿಥಿ ದಿನ ನಿಮ್ಮಣ್ಣ ಬಂದು ‘ನಮ್ಮನೆಗೆ ನಡಿ’ ಅಂದಾಗ ನೀವೇ ‘ಆಗಲಿ ಅಣ್ಣ’ ಅಂದ್ರಿ. ನಾ ಅಲ್ಲೇ ಇದ್ದೆ. ಎರಡೇ ಮಾತು.

ಅವನು ಚುಚ್ಚುವುದಕ್ಕೆ ಹೇಳಲಿಲ್ಲ. ಹದಿನಾರು ವರ್ಷ ಎಲ್ಲದಕ್ಕೂ ಎದುರು ಮಾತಾಡಿದ ಹೆಂಗಸು ಅವತ್ತು ಅಷ್ಟರಲ್ಲಿ ಮುಗಿಸಿದ್ದು ಅವನಿಗೆ ಇನ್ನೂ ಅರಗಿರಲಿಲ್ಲ, ಅಷ್ಟೆ. ರುದ್ರಮ್ಮ ಬಿಗಿಯಾಗಿ ಕಟ್ಟಿದ್ದ ಚೀಲವೊಂದನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

ರುದ್ರಮ್ಮ: ಓದಿ ಮೇಷ್ಟ್ರೆ. ಮೊದಲು ಕೊಡೆ ಇರೋ ಜಾಗ ಓದಿ. ನೀವು ಸರಿಯಾಗಿ ಓದ್ತೀರ ಅಂತ ನೋಡ್ತೀನಿ. ಆಮೇಲೆ ಕೊನೆ.

ನಾನು ಕುದುರೆ ಹಾರುವ ಪುಟವನ್ನು ಹುಡುಕಿ ಓದಿದೆ. ‘ಅರಸನು ರಾಣಿಯನ್ನು ಬೀಳ್ಕೊಂಡನು. ರಾಣಿಯು ಆಗಲಿ ಪ್ರಭು ಎಂದಳು. ಕುದುರೆಯು ಗಗನಕ್ಕೆ ನೆಗೆಯಿತು.’

ರುದ್ರಮ್ಮ: ಕೊಡೆ?

ನಾನು: ಇಲ್ಲ.

ರುದ್ರಮ್ಮ: ಸಾಲು ತಪ್ಪಿರ್ತೀರಿ. ಇನ್ನೊಂದು ಸಲ ನೋಡಿ.

ಇನ್ನೊಂದು ಸಲ ನೋಡಿದೆ. ಹುಲಿಯ ಪುಟ ತೆಗೆದೆ. ಹುಲಿ ಬಂದಿತ್ತು, ಕಾಲು ತೊಳೆದಿರಲಿಲ್ಲ, ರಾಣಿ ಆಗಲಿ ಪ್ರಭು ಎಂದಿದ್ದಳು. ಅನ್ನ ರುಚಿ ಹತ್ತದಂತೆ ಅರಸನಿಗೆ ಶಾಪ ತಗಲುವ ಪುಟದಲ್ಲಿ, ‘ಉಪ್ಪು ಕಡಿಮೆ ಆಗಿಲ್ಲ, ನಿಮ್ಮ ಗಮನ ಕಡಿಮೆ ಆಗಿದೆ’ ಎಂಬ ಮಾತು ಇರಲೇಬೇಕು ಎಂದು ರುದ್ರಮ್ಮ ಪಟ್ಟು ಹಿಡಿದರು. ಅಲ್ಲೂ ಇರಲಿಲ್ಲ.

ರುದ್ರಮ್ಮ: ಇವರು ಓದಿದರೆ ಒಂದು ಪುಟಕ್ಕೆ ಅರ್ಧ ಗಂಟೆ ಹಿಡೀತಿತ್ತು. ನೀವು ಇಷ್ಟರಲ್ಲಿ ಐದು ಪುಟ ಮುಗಿಸಿದಿರಿ. ಎಲ್ಲ ನುಂಗಿಕೊಂಡು ಓದ್ತಿದ್ದೀರಿ.

ಜವರಿ: ಮೇಷ್ಟ್ರೆ, ಬೇಜಾರು ಮಾಡ್ಕೋಬೇಡಿ. ಮಕ್ಳಿಗೂ ಹಿಂಗೇ ಓದೋದು ಕಲಿಸ್ತೀರಾ?

ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ, ಅಕ್ಷರ ಬಾರದ ಇಬ್ಬರ ಮುಂದೆ ನನಗೆ ಓದಲು ಬರುವುದಿಲ್ಲ ಎಂದು ತೀರ್ಮಾನವಾಯಿತು. ಸಿಟ್ಟು ಬಂತು. ಪುಸ್ತಕವನ್ನು ಅವರ ಕಡೆ ತಿರುಗಿಸಿ, ಇರುವುದು ಇಷ್ಟೇ, ಬೇಕಾದರೆ ನೋಡಿಕೊಳ್ಳಿ ಎಂದೆ. ತಿರುಗಿಸುವಾಗ ಅಂಚು ಕಣ್ಣಿಗೆ ಬಿತ್ತು.

ಅಂಚಿನಲ್ಲಿ ಸೀಸದಕಡ್ಡಿಯ ಬರಹವಿತ್ತು. ದೇರಪ್ಪನ ಅಕ್ಷರ, ಹಾಜರಿ ಬರೆದು ಬರೆದು ಗುಂಡಗಾದ ಅಕ್ಷರ. ಅದನ್ನು ಇನ್ನೊಮ್ಮೆ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ. ಅದು ಕೊಳೆಯಾಗಿರಲಿಲ್ಲ.

ನಾನು: ಇಲ್ಲಿ ಅವನು ಏನೋ ಬರೆದಿಟ್ಟಿದ್ದಾನೆ. ‘ಮನೆ. ಕೊಡೆ.’ ಇಲ್ಲಿ ‘ಮನೆ. ಉಪ್ಪು.’ ಇನ್ನೊಂದು ಕಡೆ ‘ಮನೆ. ಕಾಲು.’

ಜವರಿ: ಅಂಗಡಿ ಪಟ್ಟಿ ಅದು. ಮನೆಗೆ ತರೋ ಸಾಮಾನು.

ರುದ್ರಮ್ಮ: ಕಾಲು ಅಂದ್ರೆ ಏನು ತರೋದು?

ಜವರಿ: ಕಾಲು ಸೇರು ಏನೋ ಇರ್ಬೇಕು. ಇಲ್ದಿದ್ರೆ ಆಡಿನ ಕಾಲು.

ರುದ್ರಮ್ಮ: ಆಡಿನ ಕಾಲು ಈ ಮನೆಗೆ ಯಾವತ್ತು ಬಂತು? ಪಟ್ಟಿ ಬರೆದುಕೊಂಡು ಹೋಗೋರಾಗಿದ್ದರೆ ಹದಿನಾರು ವರ್ಷದಲ್ಲಿ ಒಂದು ಸಲವಾದರೂ ಹುಣಸೆಹಣ್ಣು ಬರ್ತಿತ್ತು.

ನಾನು ಪುಟಗಳನ್ನು ತಿರುವಿದೆ. ‘ಮನೆ’ ಎಲ್ಲೆಂದರಲ್ಲಿ ಇರಲಿಲ್ಲ. ಎಲ್ಲಿ ರಾಣಿ ಆಗಲಿ ಪ್ರಭು ಎಂದಳೋ ಅಲ್ಲಿ, ಆ ಸಾಲಿನ ಪಕ್ಕದಲ್ಲೇ ಇತ್ತು. ಮನೇಲಿ ಕೇಳಿ ಹೇಳ್ತೀನಿ ಎನ್ನುತ್ತಿದ್ದವನು ನೆನಪಾದ. ಮಾತಾಡುವ ಗೋಡೆ ನನ್ನ ಎದುರಿಗೇ ಚೀಲ ಕಟ್ಟುತ್ತ ನಿಂತಿತ್ತು.

ನಾನು: ರುದ್ರಮ್ಮನವರೆ, ಕೊಡೆ ತಗೊಳ್ಳಿ ಅನ್ನುವ ಮಾತು ಇದೆಯಲ್ಲ. ಅದನ್ನು ಮೊದಲು ಹೇಳಿದ್ದು ಯಾರು?

ರುದ್ರಮ್ಮ: ರಾಣಿ.

ನಾನು: ಅದಕ್ಕೂ ಮೊದಲು?

ಆಕೆ ದಾರ ಹಿಡಿದುಕೊಂಡೇ ನಿಂತರು.

ರುದ್ರಮ್ಮ: ಶನಿವಾರ ಊಟಕ್ಕೆ ಕೂತಾಗ ಇವರು ಏನೇನೋ ಕೇಳೋರು. ‘ಒಬ್ಬಳ ಗಂಡ ಮೋಡದ ಮೇಲೆ ಹೊರಟ ಅಂತ ಇಟ್ಟುಕೋ, ಅವಳು ಏನಂತಾಳೆ?’ ‘ಒಬ್ಬಳ ಗಂಡ ಹುಲಿಯಾಗಿ ಬಂದ, ಏನಂತಾಳೆ?’ ಬಿಸಿಲಲ್ಲಿ ತಿರುಗಿ ತಲೆಗೆ ಏರಿದೆ ಅಂದುಕೊಂಡು ಒಲೆ ಮುಂದಿನಿಂದಲೇ ಬಾಯಿಗೆ ಬಂದದ್ದು ಹೇಳ್ತಿದ್ದೆ. ಮಾರನೇ ದಿನ ಪುಸ್ತಕದಲ್ಲಿ ಅದೇ ಮಾತು ಬರ್ತಿತ್ತು. ನೋಡು, ರಾಣೀನೂ ನನ್ನ ಹಾಗೇ ಯೋಚನೆ ಮಾಡ್ತಾಳೆ ಅಂತ ನಾನು ಹೆಮ್ಮೆಪಟ್ಟುಕೊಂಡು ಕೂತಿರ್ತಿದ್ದೆ.

ಜವರಿ: ರಾಣಿ ನೀವೇ ಅಂತ ನಂಗೆ ಗೊತ್ತಿತ್ತು ಕಣಕ್ಕ.

ರುದ್ರಮ್ಮ: ಗಾಡಿಯವನು ನೀನೇ ಅಂತ ನನಗೂ ಗೊತ್ತಿತ್ತು.

ಜವರಿ: ನಾನಾ?

ಇಷ್ಟು ದಿನ ಅವನಿಗೆ ಅದು ಹೊಳೆದಿರಲಿಲ್ಲ. ನಾನು ಪುಟ ಹುಡುಕಿ ತೋರಿಸಿದೆ. ‘ಅರಸನ ಸಾಮಾನುಗಳನ್ನು ಹಿಂದಿನಿಂದ ಕಳುಹಿಸಲಾಯಿತು’ ಎಂದು ಅಚ್ಚಿನಲ್ಲಿತ್ತು. ಗಾಡಿಯವನೆಂಬ ಇಡೀ ಮನುಷ್ಯ ಆ ಒಂದು ಸಾಲಿನಿಂದ ಎದ್ದು ಬಂದಿದ್ದ. ಅಂಚಿನಲ್ಲಿ ‘ಜವರಿ. ಮೆಣಸು. ತಡ.’ ಎಂದಿತ್ತು.

ಜವರಿ: ತಡ ಅಂತ ಬರೆದವ್ರ?

ನಾನು: ಮೂರು ಕಡೆ ಬರೆದಿದ್ದಾನೆ.

ಜವರಿ: ಆ ಶನಿವಾರ ಡಾಕ್ಟ್ರನ್ನ ಕರ್ಕೊಂಡು ನಾನು ತಡ ಮಾಡ್ದೆ ಬಂದೆ ಮೇಷ್ಟ್ರೆ. ರೈಟ್ರೇ ಕಾಯ್ಲಿಲ್ಲ.

ಸುಮ್ಮನೆ ಇರಲಾಗದೆ ನಾನು ಪುಟ ತಿರುವುತ್ತ ಹೋದೆ. ‘ಅರಮನೆಯ ಪಂಜರದಲ್ಲಿ ಒಂದು ಗಿಣಿಯಿತ್ತು’ ಎಂಬಲ್ಲಿ ‘ಗಿಣಿ’ಯನ್ನು ಹೊಡೆದು ಮೇಲೆ ‘ಗೂಬೆ’ ಎಂದು ಬರೆದಿತ್ತು. ಪಕ್ಕದಲ್ಲಿ ಇನ್ನೆರಡು ಮಾತು. ನಾನು ಬೇಗ ಪುಟ ಮಗುಚಿದೆ.

ರುದ್ರಮ್ಮ: ಅಲ್ಲೇನು ಬರೆದಿದೆ?

ನಾನು: ಏನೂ ಇಲ್ಲ.

ಜವರಿ: ಕಾಫಿ ಅಂತ ಇರ್ಬೇಕಲ್ಲ.

ಇತ್ತು. ‘ಮೇಷ್ಟ್ರು. ಕಾಫಿ.’ ಲೈನಿಗೆಲ್ಲ ಗೊತ್ತಿತ್ತಂತೆ. ಭಾನುವಾರ ನಾನು ಗೇಟು ದಾಟುವುದನ್ನು ಕಂಡ ಕೂಡಲೇ ಮಕ್ಕಳು, ಓದು ಮುಗಿಯಿತು, ಗೂಬೆ ಬಂತು ಎಂದು ದೊಡ್ಡವರಿಗೆ ತಿಳಿಸುತ್ತಿದ್ದವಂತೆ. ಪುಸ್ತಕ ಅಚ್ಚು ಹಾಕಿದವರು ನಮ್ಮ ಮೇಷ್ಟ್ರನ್ನು ಎಲ್ಲಿ ನೋಡಿದರು ಎಂದು ತಾವು ಬೆರಗಾಗುತ್ತಿದ್ದುದಾಗಿ ಜವರಿ ಗೌರವದಿಂದಲೇ ಹೇಳಿದ. ನನ್ನ ಪುಸ್ತಕಗಳ ಬೈಂಡು ಗಟ್ಟಿಯಾಗಿದೆ ಎಂದು ಅವನು ಯಾಕೆ ಹೇಳುತ್ತಿದ್ದನೋ ಈಗ ತಿಳಿಯಿತು. ಒಂದು ಭಾನುವಾರ ಅರ್ಧ ಗಂಟೆ ಮೊದಲು ಬಂದಿದ್ದರೆ ನನ್ನನ್ನು ನಾನೇ ಕೇಳಬಹುದಿತ್ತು.

ರುದ್ರಮ್ಮ ಒಳಗೆ ಹೋದರು. ಬಂದಾಗ ಕೈಯಲ್ಲಿ ಬೆಲ್ಲದ ಕಾಫಿ ಇತ್ತು. ನಾನು ಕೇಳಿರಲಿಲ್ಲ.

ರುದ್ರಮ್ಮ: ಹಾಗಾದರೆ ಸಿನಿಮಾದವರು ಸುಳ್ಳು ಹೇಳಲಿಲ್ಲ.

ನಾನು: ಇಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾರೆ. ಸುಳ್ಳು ಹೇಳಿದವನು ದೇರಪ್ಪ.

ರುದ್ರಮ್ಮ: ಪಾಪ, ಆ ಕೋಲಿನವನಿಗೆ ಸುಮ್ಮನೆ ಬೈದೆ. ಕೊನೆ ಓದಿ.

ಸೆಣಬಿನ ದಾರವನ್ನು ತೆಗೆಯದೆ ಬದಿಗೆ ಸರಿಸಿ ಓದಿದೆ. ಕೊನೆಯ ಅಧ್ಯಾಯ ನಾಲ್ಕೇ ಪುಟ. ಅರಸ ಬೆಟ್ಟದೊಳಗೆ ಹೋದ. ಬೆಟ್ಟ ಮುಚ್ಚಿತು. ‘ರಾಣಿಯು ಆಗಲಿ ಪ್ರಭು ಎಂದು ಅಲ್ಲಿಯೇ ನಿಂತು, ನಿಂತಂತೆಯೇ ಶಿಲೆಯಾದಳು. ದೇವತೆಗಳು ಪುಷ್ಪವೃಷ್ಟಿಗೈದರು.’

ಜವರಿ: ಹೂವು ಐತಲ್ಲ. ಅದೊಂದು ಸರಿ.

ರುದ್ರಮ್ಮ ನೆಲ ನೋಡುತ್ತಿದ್ದರು. ಅಷ್ಟೇ ಎಂದರೆ ಅಷ್ಟೇ ಎನ್ನುವಂತೆ ಕೈ ಚಾಚಿ ಪುಸ್ತಕ ಕೇಳಿದರು, ಸುತ್ತಿಡುವುದಕ್ಕೆ. ನಾನು ಕೊಡಲಿಲ್ಲ. ಓದಿ ಹೇಳಲು ಇಟ್ಟುಕೊಂಡಿದ್ದ ಪುಟವಾದ್ದರಿಂದ ದೇರಪ್ಪ ಅಲ್ಲೂ ಸೀಸದಕಡ್ಡಿ ಹಿಡಿದಿದ್ದ. ಆದರೆ ಈ ಸಲ ಉಪ್ಪು, ಕೊಡೆ ಎಂದು ಒಂದು ಮಾತಿನ ಗುರುತಲ್ಲ. ಎರಡು ಸಾಲು ಇತ್ತು. ನಾನು ಗಟ್ಟಿಯಾಗಿ ಓದಿದೆ.

‘ಮನೆ ಒಪ್ಪುವುದಿಲ್ಲ. ಶನಿವಾರ ಕೇಳಬೇಕು.’

ಹೊರಗೆ ಎತ್ತು ಕೊರಳಾಡಿಸಿತು, ಗಂಟೆ ಸದ್ದಾಯಿತು. ಜವರಿ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ.

ನಾನು: ಅವನಿಗೆ ಕೇಳುವುದಕ್ಕೆ ಆಗಲಿಲ್ಲ. ನಾನು ಕೇಳುತ್ತೇನೆ. ಒಬ್ಬಳ ಗಂಡ ಬೆಟ್ಟದೊಳಗೆ ಹೋದ ಅಂತ ಇಟ್ಟುಕೊಳ್ಳಿ. ಬಾಗಿಲು ಮುಚ್ಚಿತು. ಇನ್ನು ತೆರೆಯುವುದಿಲ್ಲ. ಅವಳು ಏನಂತಾಳೆ?

ರುದ್ರಮ್ಮ ಮೊದಲು ಸೆರಗಿನಿಂದ ಮೂಗು ಒರೆಸಿಕೊಂಡರು.

ರುದ್ರಮ್ಮ: ಏನನ್ನೋದು. ಕಲ್ಲಾಗಬೇಕು ಅಂದ್ರೆ ಒಂದೇ ಕಡೆ ನಿಲ್ಲಬೇಕು, ಬಾಯಿ ಮುಚ್ಚಿರಬೇಕು. ಎರಡೂ ಅವಳ ಕೈಲಾಗದ ಕೆಲಸ ಮೇಷ್ಟ್ರೆ. ಇವರಿಗೂ ಅದು ಗೊತ್ತಿತ್ತು.

ಜವರಿ: ಮತ್ತೆ ಗುರುವಾರ ಗಾಡಿ?

ರುದ್ರಮ್ಮ: ಕಟ್ಟು. ಕುಶಾಲನಗರಕ್ಕಲ್ಲ. ಬಾಳೆಲೆಗೆ, ಲಿಂಗಿಯ ಕೋಣೆಗೆ. ಅಲ್ಲಿ ಒಲೆ ಇನ್ನು ನಾನು ಹಚ್ತೀನಿ. ನಿಮ್ಮ ಅವಲಕ್ಕಿ ಕತೆ ಕೇಳಿ ಕೇಳಿ ಸಾಕಾಗಿದೆ. ತಡ ಮಾಡಬೇಡ.

ಜವರಿ ಏನೋ ಹೇಳಲು ಬಾಯಿ ತೆರೆದು, ಸಾರಿನ ಉಪ್ಪಿನ ವಿಷಯವಿರಬೇಕು, ಹೇಳದೆ ಮುಚ್ಚಿಕೊಂಡ. ಹಾಗಾದರೆ ಅಣ್ಣನಿಗೆ ಈಗಲೇ ತಿಳಿಸಬೇಕು ಎಂದು ರುದ್ರಮ್ಮ ನನ್ನ ಕಡೆ ತಿರುಗಿದರು. ಶಾಲೆಯ ಕೆಲಸಕ್ಕೆಂದು ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಅಂಚೆ ಕಾರ್ಡು ಇರುತ್ತದೆ. ಅದನ್ನು ಪುಸ್ತಕದ ಮೇಲಿಟ್ಟುಕೊಂಡು ಬರೆಯಲು ಕೂತೆ.

ರುದ್ರಮ್ಮ ಹೇಳತೊಡಗಿದರು. ಅಣ್ಣನ ಉಪಕಾರ ಮರೆಯುವಂಥದ್ದಲ್ಲ ಎಂದು ಶುರುಮಾಡಿ, ಅತ್ತಿಗೆಯ ಮನೆಯಲ್ಲಿ ತಾನು ಮಾತಾಡಿದರೆ ಅತ್ತಿಗೆಗೆ ತೊಂದರೆ, ಸುಮ್ಮನಿದ್ದರೆ ತನಗೆ ತೊಂದರೆ ಎಂದು ವಿವರಿಸಿದರು. ಬಾಳೆಲೆಯ ಗಾಡಿಯವರು ತಿನ್ನುವುದೇನು, ಕೋಣೆಯ ಒಲೆ ಯಾವ ಕಡೆ ಇದೆ, ಸಿನಿಮಾಕ್ಕೆ ಹೋದದ್ದು ನಿಜ, ಅದನ್ನು ಬೇರೆಯವರು ಹೇಳುವ ಮೊದಲು ತಾನೇ ಹೇಳುತ್ತಿದ್ದೇನೆ, ಚಿತ್ರದಲ್ಲಿ ಕುದುರೆಗೆ ಹಗ್ಗ ಕಾಣುತ್ತಿತ್ತು, ಭಾನುವಾರ ಮೇಷ್ಟ್ರು ಬಂದು ಓದಿ ಹೇಳುತ್ತಾರೆ, ಅವರಿಗೆ ಓದು ಇನ್ನೂ ಸರಿಯಾಗಿ ಬರುವುದಿಲ್ಲ, ತಾನು ಹೇಳಿಕೊಡುತ್ತೇನೆ ಎಂದರು. ಕೈ ಎತ್ತಿದರು, ಇಳಿಸಿದರು, ಕುಶಾಲನಗರದ ದಿಕ್ಕಿಗೆ ಬೆರಳು ತೋರಿಸಿದರು. ಒಂದು ಸೇರು ಅವರೆಕಾಯಿ ಸುಲಿದು ಮುಗಿಯುವಷ್ಟು ಹೊತ್ತಾಯಿತು.

ರುದ್ರಮ್ಮ: ಎಲ್ಲ ಬರೆದಿರ? ಓದಿ ನೋಡೋಣ.

ಕಾರ್ಡಿನಲ್ಲಿ ಇದ್ದ ಜಾಗ ಅಂಗೈಯಷ್ಟು. ನಾನು ಓದಿದೆ.

ನಾನು: ‘ರುದ್ರಮ್ಮನವರು ಬರುವುದಿಲ್ಲ ಎಂದರು.’

ಜವರಿ: ಮೇಷ್ಟ್ರಿಗೆ ಒಂದು ಕೋಲು ಕೊಡ್ಸಿ ಕಣಕ್ಕ. ಗೋಣಿಕೊಪ್ಪದ ಟೆಂಟಿನಾಗೆ ಕೆಲಸ ಸಿಕ್ತದೆ.